ರಾಚಪ್ಪ ಮಾಸ್ತರರ ಸಾಕ್ಷಿ

ಬಸ್ಸು ಅಮೀನಗಡ ದಾಟುವಷ್ಟರಲ್ಲಿ ಯಮನೂರಪ್ಪ ಆ ಮಾತನ್ನು ಮನಸ್ಸಿನಲ್ಲೇ ಹತ್ತಾರು ಸಲ ಹೇಳಿ ನೋಡಿದ್ದ. ಒಂದು ಸಲವೂ ಸರಿ ಬಂದಿರಲಿಲ್ಲ. ಮಾಸ್ತರ್ರ, ನನ್ನಿಂದ ತಪ್ಪಾತು. ಇಷ್ಟೇ ಮಾತು. ಇದರಲ್ಲಿ ಕೆಡುವಂಥದ್ದು ಏನೂ ಇರಲಿಲ್ಲ. ಆದರೆ ತಪ್ಪಾತು ಎಂದು ಮುಗಿಸುವ ಹೊತ್ತಿಗೆ, ಆದರ ನೀವೂ ಹಂಗ ಅನ್ನಬಾರದಿತ್ತು ಎಂಬುದು ಕರೆಯದೆ ಬಂದು ಹಿಂದೆ ನಿಲ್ಲುತ್ತಿತ್ತು. ಅದನ್ನು ಓಡಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ. ತೊಡೆಯ ಮೇಲೆ ಕೈಚೀಲವಿತ್ತು. ಅದರಲ್ಲಿ ಒಂದು ತೆಂಗಿನಕಾಯಿ, ಅಕ್ಕಿ, ಐದು ಅಡಿಕೆ, ಕರದಂಟಿನ ಡಬ್ಬಿ, ಒಂದು ಟಾವೆಲ್ಲು, ಮೇಲೆ ಮಡಿಕೆ ಮುರಿಯದ ಹಸಿರು ಗುಳೇದಗುಡ್ಡ ಖಣ. ಖಣವನ್ನು ಆರಿಸಿದವಳು ಹೆಂಡತಿ ಕಸ್ತೂರಿ. ಮಾಸ್ತರರ ಮನಿಗಿ ಬರೇ ಗಂಡಸರ ಆಯೇರಿ ಒಯ್ದರ ನಡ್ಯಾಂಗಿಲ್ಲ, ಸಾವಿತ್ರೆವ್ವಾರ ಉಡಿಗೆ ಏನರೆ ಬೀಳಬೇಕು ಎಂದು ಅವಳೇ ಅಂಗಡಿಗೆ ಹೋಗಿ, ನಾಲ್ಕು ಖಣ ಬಿಡಿಸಿ ನೋಡಿ, ಇದು ಅವರಿಗೆ ಒಪ್ಪುತ್ತದೆ ಎಂದು ತಂದಿದ್ದಳು. ಪಕ್ಕದ ಸೀಟಿನ ಮುದುಕ ಚೀಲದೊಳಗೆ ಇಣುಕಿ, ಹೆಣ್ಣು ನೋಡಾಕ ಹೊಂಟೀರೇನು ಎಂದು ಕೇಳಿದ. ಯಮನೂರಪ್ಪ ಅವನ ಕಡೆ ತಿರುಗಿ ನೋಡಿದ ರೀತಿಗೆ ಮುದುಕ ಮುಂದಿನ ಸ್ಟಾಪು ಬರುವ ತನಕ ಕಿಟಕಿಯನ್ನೇ ನೋಡುತ್ತ ಕೂತ.

ಈ ಸಿಟ್ಟೇ ಇಲ್ಲಿಯವರೆಗೆ ತಂದದ್ದು. ಇಪ್ಪತ್ತು ವರ್ಷ ಬಾಗಲಕೋಟೆಯ ನವನಗರದಲ್ಲಿ, ಹುನಗುಂದ ಇಳಕಲ್ಲಿನ ಸುತ್ತ, ಸೈಟು ತೋರಿಸಿ, ಹೊಲ ತೋರಿಸಿ ಬದುಕಿದವನು ಅವನು. ಕಾಗದದಲ್ಲಿ ಅವನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಕೊಡುವವನ ಹೆಸರಿರುತ್ತಿತ್ತು, ಕೊಳ್ಳುವವನ ಹೆಸರಿರುತ್ತಿತ್ತು, ನಡುವೆ ಬಿಸಿಲಲ್ಲಿ ನಿಂತವನು ದಲಾಲಿ. ಈಗ ಕಾಲ ಬೇರೆಯಾಗಿತ್ತು. ದೊಡ್ಡ ಲೇಔಟು ಮಾಡುವ ಕಂಪನಿಯವರು ಎಲ್ಲ ದಲಾಲರನ್ನೂ ಕರೆದು ಚಹಾ ಕುಡಿಸಿ, ಇನ್ನು ಮುಂದೆ ರೇರಾ ಎಂಬ ಸರಕಾರಿ ಪ್ರಾಧಿಕಾರದಲ್ಲಿ ಏಜೆಂಟನೆಂದು ನೋಂದಣಿ ಮಾಡಿಸಿ ನಂಬರು ತಂದವರಿಗೆ ಮಾತ್ರ ಗೇಟಿನೊಳಗೆ ಪ್ರವೇಶ ಎಂದಿದ್ದರು. ನವನಗರದ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿಸಲು ಕೂತಾಗ ಪ್ಯಾನು, ಆಧಾರು, ಫೋಟೊ, ವಿಳಾಸ ಎಲ್ಲ ಸಲೀಸಾಗಿ ಹೋಯಿತು. ಅರ್ಜಿದಾರರ ಮೇಲೆ ಬಾಕಿ ಇರುವ ಪ್ರಕರಣಗಳು ಎಂಬಲ್ಲಿ ಅಂಗಡಿಯವನು ಕೇಳದೆಯೇ ಇಲ್ಲ ಎಂದು ಒತ್ತಲು ಹೋದ. ಯಮನೂರಪ್ಪನೇ ತಡೆದ. ಸತ್ಯದ ಮೇಲಿನ ಪ್ರೀತಿಯಿಂದಲ್ಲ. ಕೋರ್ಟಿನ ಕೇಸುಗಳು ಈಗ ಯಾರ ಫೋನಿನಲ್ಲಾದರೂ ಕಾಣುತ್ತವೆ, ಅವನ ಹೆಸರು ಒತ್ತಿದರೆ ಹುನಗುಂದದ ಕೇಸು ಬರುತ್ತದೆ, ಉಳಿದ ದಲಾಲರು ಅದನ್ನು ಕಂಪನಿಯವರಿಗೆ ತೋರಿಸಲು ಒಂದು ದಿನವೂ ತಡ ಮಾಡುವುದಿಲ್ಲ. ಮುದುಕ ಮಾಸ್ತರನ ಕೆನ್ನೆಗೆ ಹೊಡೆದ ಕೇಸು.

ವಕೀಲ ಲಕ್ಷ್ಮಣ ಹಾದಿ ಹೇಳಿಕೊಟ್ಟಿದ್ದರು. ಇವತ್ತು ಮಾಸ್ತರರ ಸಾಕ್ಷಿಯ ತಾರೀಖು. ಅದಕ್ಕೂ ಮೊದಲು ಮನೆಗೆ ಹೋಗಿ ಕಾಲು ಹಿಡಿದು, ರಾಜಿ ಅರ್ಜಿಗೆ ಸಹಿ ಮಾಡಿಸಿಕೊಂಡು ಬಂದರೆ ಮಧ್ಯಾಹ್ನದೊಳಗೆ ಕೇಸು ಮುಗಿಯುತ್ತದೆ. ಅರ್ಜಿಯನ್ನು ಅವರೇ ಟೈಪು ಮಾಡಿಸಿ ಕೊಟ್ಟಿದ್ದರು. ಆರೋಪಿಯು ತನ್ನ ತಪ್ಪನ್ನು ಒಪ್ಪಿಕೊಂಡಿದ್ದು, ನಾನು ಆತನನ್ನು ಮನಃಪೂರ್ವಕವಾಗಿ ಕ್ಷಮಿಸಿರುತ್ತೇನೆ. ಅದು ಅಂಗಿಯ ಕಿಸೆಯಲ್ಲಿ ನಾಲ್ಕು ಮಡಿಕೆಯಾಗಿ ಎದೆಗೆ ಒತ್ತುತ್ತಿತ್ತು. ಬೆವರಿಗೆ ಒದ್ದೆಯಾಗಬಾರದೆಂದು ಒಮ್ಮೆ ತೆಗೆದು ಚೀಲದಲ್ಲಿಟ್ಟ. ಖಣದ ಮೇಲೆ ಇಟ್ಟದ್ದು ಸರಿ ಕಾಣದೆ ಮತ್ತೆ ಕಿಸೆಗೆ ಹಾಕಿಕೊಂಡ.

ಹುನಗುಂದದಲ್ಲಿ ಇಳಿದು ಮಾಸ್ತರರ ಮನೆಯ ಕಡೆ ನಡೆಯುವಾಗ ಕಾಲು ತಾನಾಗಿ ನಿಧಾನವಾಯಿತು. ಆವತ್ತೂ ಹೀಗೇ ಬಿಸಿಲು. ಇಳಕಲ್ಲಿನ ದಾರಿಯ ಲೇಔಟಿನಲ್ಲಿ, ಹತ್ತಿಕಟ್ಟಿಗೆ ಇನ್ನೂ ಪೂರ್ತಿ ಕಿತ್ತಿರದ ನೆಲದಲ್ಲಿ, ಸುಣ್ಣದ ಗೆರೆಗಳ ನಡುವೆ ಮಾಸ್ತರರೂ ಸಾವಿತ್ರೆವ್ವನೂ ನಿಂತಿದ್ದರು. ಅವನೇ ಕರೆದು ತಂದಿದ್ದ. ತನ್ನ ಮಾಸ್ತರರು ತನ್ನ ಕೈಯಿಂದ ಜಾಗ ಕೊಳ್ಳುತ್ತಾರೆ ಎಂಬ ಹೆಮ್ಮೆಯಲ್ಲಿ ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿದ್ದ. ಅದೇ ಹೊತ್ತಿಗೆ ಕಾರಿನಲ್ಲಿ ಇಳಕಲ್ಲಿನ ಗಂಡಹೆಂಡತಿ ಬಂದಿದ್ದರು, ಅವರಿಗೂ ಅವನೇ ತೋರಿಸಬೇಕಿತ್ತು. ಮಾಸ್ತರರು ಚಷ್ಮಾ ಏರಿಸಿ ಕಾಗದಗಳನ್ನು ಒಂದೊಂದಾಗಿ ಓದಿದರು. ಓದಿ ಮುಗಿಸಿ, ಇದು ಬಿನ್‌ಶೇತ್ಕಿಯಾಗಿಲ್ಲ, ಸರಕಾರದ ಕಾಗದದಲ್ಲಿ ಇನ್ನೂ ಹೊಲವೇ ಇದೆ ಎಂದರು. ಆಗುತ್ತದೆ ಎಂದ ಇವನು. ನಿನಗಾದರೂ ಲೈಸನ್ಸ್ ಇದೆಯೇನು, ನಂಬರು ಹೇಳು, ಬರೆದುಕೊಳ್ಳುತ್ತೇನೆ ಎಂದು ಕಿಸೆಯಿಂದ ಪೆನ್ನು ತೆಗೆದರು. ಅದೂ ಬರುತ್ತದೆ ಎಂದ. ಆಗ ಅವರು ಸಿಟ್ಟಿಲ್ಲದೆ, ನಗದೆ, ತರಗತಿಯಲ್ಲಿ ಹೇಳಿದ ಹಾಗೆ ಹೇಳಿದ್ದರು.

"ಇಲ್ಲಂದ್ರ ಇಲ್ಲ ಅನ್ನು ಯಮನೂರ. ನಾಕನೇ ಇಯತ್ತೆದಾಗೂ ನೀ ಗೊತ್ತಿಲ್ಲ ಅಂತ ಒಂದ ಸಲಾನೂ ಅಂದಾಂವ ಅಲ್ಲ."

ಕಾರಿನವರು ನಕ್ಕರು. ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು. ಅಷ್ಟು ಅವನಿಗೆ ನೆನಪಿದೆ. ಮುಂದೆ ತನ್ನ ಕೈ ಎದ್ದದ್ದು ನೆನಪಿಲ್ಲ, ಇಳಿದದ್ದು ನೆನಪಿದೆ. ಅಂಗೈ ಚುರುಗುಟ್ಟಿದ್ದು, ಅದರಲ್ಲಿ ಮಾಸ್ತರರ ಕುರುಚಲು ಗಡ್ಡದ ಒರಟು ಉಳಿದದ್ದು ನೆನಪಿದೆ. ಚಷ್ಮಾ ಹತ್ತಿಕಟ್ಟಿಗೆಯಲ್ಲಿ ಬಿದ್ದಿತ್ತು. ಸಾವಿತ್ರೆವ್ವ ಕೂಗಲಿಲ್ಲ, ಅಳಲಿಲ್ಲ. ಬಗ್ಗಿ ಚಷ್ಮಾ ಹುಡುಕಿ, ಸೆರಗಿನಿಂದ ಒರೆಸಿ, ಗಂಡನ ಮುಖಕ್ಕೆ ತಾನೇ ಹಾಕಿ, ಆಮೇಲೆ ಯಮನೂರಪ್ಪನನ್ನು ನೋಡಿದಳು. ಸಾಲೆಯಲ್ಲಿ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡ ಹುಡುಗನನ್ನು ಉಳಿದ ಮಕ್ಕಳಿಗೆ ಕಾಣದ ಹಾಗೆ ಮನೆಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳು. ಸಾಲೆಯ ಹಿಂದೆಯೇ ಅವರ ಮನೆಯಿತ್ತು. ಅವನನ್ನೂ ಒಮ್ಮೆ ಹಾಗೆ ಕರೆದುಕೊಂಡು ಹೋಗಿದ್ದಳು. ಅದೇ ನೋಟ. ಕೇಸು ಹಾಕಿದ್ದಕ್ಕಿಂತ, ಪೊಲೀಸ್ ಠಾಣೆಯ ಬೆಂಚಿಗಿಂತ, ಆ ನೋಟಕ್ಕೆ ಹೆದರಿ ಅವನು, ಕೋರ್ಟಿನ ತಾರೀಖು ಬಿಟ್ಟರೆ, ಎರಡು ವರ್ಷ ಊರಿನ ಮುಖ ನೋಡಿರಲಿಲ್ಲ. ಊರಿನ ಹಳೆಯ ವಿದ್ಯಾರ್ಥಿಗಳ ವಾಟ್ಸಪ್ ಗುಂಪಿನಲ್ಲಿ ಯಾರೋ ಗುರುದಕ್ಷಿಣೆ ಕೊಟ್ಟನಂತೆ ಎಂದು ಬರೆದಾಗ ಗುಂಪಿನಿಂದ ಹೊರಬಿದ್ದಿದ್ದ.

ಬಾಗಿಲು ತೆರೆದವಳು ಮಗಳು ಭುವನೇಶ್ವರಿ. ಗುರುತು ಹಿಡಿದಳು, ಬರ್ರಿ ಎನ್ನಲಿಲ್ಲ, ಬಾಗಿಲನ್ನು ಮುಚ್ಚಲೂ ಇಲ್ಲ. ಪಡಸಾಲೆಯಲ್ಲಿ ಮಾಸ್ತರರು ಕುರ್ಚಿಯಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದರು. ಕೋರ್ಟಿಗೆ ಹೊರಟಿದ್ದರು. ಎದುರಿನ ಗೋಡೆಯ ಬುಡದಲ್ಲಿದ್ದ ಬೆಂಚನ್ನು ಕಣ್ಣಿನಲ್ಲೇ ತೋರಿಸಿದರು. ಅವನು ಕೂತ. ಕಾಲು ಮೊದಲು ಹಿಡಿಯಬೇಕಿತ್ತು, ಕೂತುಬಿಟ್ಟ, ಈಗ ಏಳುವುದು ಹೇಗೆ ಎಂದು ತಿಳಿಯಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿ ಚೀಲ ಬಿಚ್ಚಿ ಟಾವೆಲ್ಲು, ಕಾಯಿ, ಕರದಂಟು, ಖಣ ಒಂದೊಂದಾಗಿ ಬೆಂಚಿನ ಮೇಲೆ ಜೋಡಿಸಿದ. ಯಾರೂ ಮಾತಾಡಲಿಲ್ಲ. ಆ ಮೌನ ತನ್ನ ಮೇಲಿನ ಸಿಟ್ಟು ಎಂದುಕೊಂಡ. ಒಳಗೆ ಕುಕ್ಕರ್ ಕೂಗಿತು. ಸಾವಿತ್ರೆವ್ವ ಒಳಗಿದ್ದಾಳೆ, ಅವಳು ಬಂದರೆ ಎಲ್ಲ ಸಡಿಲಾಗುತ್ತದೆ ಅನ್ನಿಸಿ, ಸೈಟು ತೋರಿಸುವಾಗಿನ ಆ ದೊಡ್ಡ ದನಿಯಲ್ಲಿ, ನಗುವನ್ನೂ ಸೇರಿಸಿ, ಅಡಿಗೆಮನೆಯ ಕಡೆ ಮುಖ ಮಾಡಿ ಕರೆದ.

"ಅವ್ವಾರ, ಹೊರಗ ಬರ್ರಿ. ಕಸ್ತೂರಿ ನಿಮಗ ಹಸರ ಖಣ ಕಳಿಸ್ಯಾಳ."

ಭುವನೇಶ್ವರಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಮಾಸ್ತರರು ಬೂಟಿನ ಲೇಸು ಕಟ್ಟುವುದನ್ನು ನಿಲ್ಲಿಸಿ ಅವನ ತಲೆಯ ಮೇಲಿನ ಗೋಡೆಯನ್ನು ನೋಡಿದರು. ಅವನು ತಿರುಗಿದ. ಅವನು ಬೆನ್ನು ತಾಗಿಸಿ ಕೂತ ಗೋಡೆಯಲ್ಲೇ, ತಲೆಯಿಂದ ಒಂದು ಮೊಳ ಮೇಲೆ, ಸಾವಿತ್ರೆವ್ವನ ಫೋಟೊ ಇತ್ತು. ವಿಭೂತಿ ಹಚ್ಚಿದ್ದರು. ಹಾರದ ಹೂವು ನಿನ್ನೆಯದು.

ಎರಡು ತಿಂಗಳಾಯಿತು ಎಂದಳು ಭುವನೇಶ್ವರಿ. ಜ್ವರ ಎಂದು ಮಲಗಿದವಳು ಎಂಟು ದಿನದಲ್ಲಿ ಹೋದಳಂತೆ. ಹೇಳಿಕಳಿಸಿರಲಿಲ್ಲ ಎಂದು ಅವಳು ಹೇಳಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳಲೂ ಇಲ್ಲ.  ಮೂರು ತಾಲೂಕಿನಲ್ಲಿ ಯಾರು ಸತ್ತರೂ ಮೊದಲು ತಿಳಿಯುವುದು ಯಮನೂರಪ್ಪನಿಗೆ. ಅದು ಅವನ ಕಸುಬು. ಮುದುಕ ಸತ್ತ ಮನೆಯಲ್ಲಿ ದಿನಕಾರ್ಯ ಮುಗಿದ ಮೇಲೆ ಮಕ್ಕಳ ಹೆಸರಿಗೆ ವಾರಸಾ ಆಗುತ್ತದೆ, ವಾರಸಾ ಆದ ಮೇಲೆ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುತ್ತಾರೆ, ಹಂಚಿಕೊಂಡವರಲ್ಲಿ ಒಬ್ಬನಾದರೂ ಮಾರುತ್ತಾನೆ. ಆದ್ದರಿಂದ ಅವನು ಯಾರ ಮಣ್ಣನ್ನೂ ತಪ್ಪಿಸುತ್ತಿರಲಿಲ್ಲ. ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗಿ, ಒಂದು ಹಿಡಿ ಮಣ್ಣು ಹಾಕಿ, ಹಾಕುತ್ತಲೇ ಆ ಹೊಲದ ಬದು ಎಲ್ಲಿಂದ ಎಲ್ಲಿಗೆ, ರಸ್ತೆ ಎಷ್ಟು ದೂರ ಎಂದು ಕಣ್ಣಿನಲ್ಲಿ ಅಳೆದು ಬರುತ್ತಿದ್ದ. ಮಾರುವ ಹೊಲ ಇಲ್ಲದ ಹೆಂಗಸು ಸತ್ತದ್ದು ಅವನಿಗೆ ಯಾರೂ ತಿಳಿಸಿರಲಿಲ್ಲ. ಜಗಳ ಇದ್ದವರೂ ಮಣ್ಣಿಗೆ ಹೋಗುತ್ತಾರೆ. ಅಲ್ಲಿ ಹೋಗಿ ನಿಂತರೆ ಸಾಕು, ಮಾತು ಬೇಕಾಗುವುದಿಲ್ಲ, ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ. ಅವನು ಬಂದದ್ದು ಈಗ, ಸತ್ತವಳ ಉಡಿಗೆ ಅಕ್ಕಿ ಅಡಿಕೆ ಕಟ್ಟಿಕೊಂಡು, ಕೋರ್ಟಿನ ತಾರೀಖಿನ ದಿನ.

ಭುವನೇಶ್ವರಿ ಬಂದು ಬೆಂಚಿನ ಮೇಲಿನದನ್ನೆಲ್ಲ ಮತ್ತೆ ಚೀಲದಲ್ಲಿ ತುಂಬಿದಳು. ಖಣವನ್ನು ಹಿಡಿದಾಗ ಮಾತ್ರ ಹೆಬ್ಬೆರಳಿನಿಂದ ಅದರ ಅಂಚನ್ನು ಒಮ್ಮೆ ಸವರಿದಳು. ಚೀಲವನ್ನು ಅವನ ಕಾಲಬಳಿ ಇಟ್ಟು ಒಳಗೆ ಹೋದಳು. ಅವನು ಬೆಂಚು ಬಿಟ್ಟು ನೆಲಕ್ಕೆ ಕೂತಿದ್ದ. ಮಾಸ್ತರರೇ ಕೈ ಚಾಚಿದರು. ಕಿಸೆಯಲ್ಲಿ ಕಾಣುತ್ತಿದ್ದ ಕಾಗದ ಕೊಡು ಎಂಬಂತೆ. ಕೊಟ್ಟ. ಅವರು ಓದಿದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಆವತ್ತು ಲೇಔಟಿನ ಕಾಗದ ಓದಿದ ಹಾಗೆಯೇ. ನಂಬರಿಗಾಗಿ ಬಂದಿಯಾ ಎಂದು ಕೇಳಿದರು. ಅವನು ಹೌದು ಎಂದ. ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

"ಅಕಿ ಸಾಯೂ ಮುಂದ ಹೇಳ್ಯಾಳ, ಆ ಹುಡುಗನ ಕೇಸ ಬಿಟ್ಟುಬಿಡ್ರಿ, ಅವನ ಅನ್ನಕ್ಕ ಅಡ್ಡ ಆಗಬ್ಯಾಡ್ರಿ ಅಂತ. ಬಿಡ್ತೇನಿ ಅಂದೇನಿ," ಎಂದರು ಮಾಸ್ತರರು. ಕಾಗದವನ್ನು ಮೊದಲಿನ ಮಡಿಕೆಗಳಲ್ಲೇ ಮಡಿಚಿದರು. "ಆದರ ಕ್ಷಮಿಸೇನಿ ಅಂತ ಇದರಾಗ ಬರದಾರಲ್ಲ, ಅದು ಸುಳ್ಳು. ನಾ ಕ್ಷಮಿಸಿಲ್ಲ. ಅದಕ್ಕ ಸಹಿ ಮಾಡಾಂಗಿಲ್ಲ. ನಡಿ, ಕೋರ್ಟಿಗೆ ನಾನ ಬರ್ತೇನಿ."

ಕೋರ್ಟಿನ ಆವರಣದಲ್ಲಿ ಸಹಿಯಿಲ್ಲದ ಕಾಗದ ನೋಡಿ ಲಕ್ಷ್ಮಣ ವಕೀಲರು ಬೈದರು. ಅವರು ಬರ್ತೇನಂದ್ರ ಬಂದು ಖರೆ ಹೇಳತಾರ, ಮೂವತ್ತೈದು ವರ್ಷ ಮಾಸ್ತರಿಕಿ ಮಾಡಿದಾಂವ ಕಟಕಟೆದಾಗ ನಿಂತು ಸುಳ್ಳು ಹೇಳ್ತಾನೇನು ಎಂದರು. ಶಿಕ್ಷೆ ದಂಡದಲ್ಲೇ ಮುಗಿಯಬಹುದು, ಆದರೆ ಹೊಡೆದವನು ಎಂದು ತೀರ್ಪಿನಲ್ಲಿ ಬರುತ್ತದೆ, ಆಮೇಲೆ ನೋಂದಣಿಯ ಆಸೆ ಬಿಡು ಎಂದರು. ಯಮನೂರಪ್ಪ ವರಾಂಡದ ಬೆಂಚಿನಲ್ಲಿ ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕೂತ. ಒಂದು ಗಳಿಗೆ ಒಳಗಿನಿಂದ ಆ ಹಳೆಯ ಬೆಂಕಿ ಎದ್ದಿತು. ಸಹಿ ಮಾಡಿದ್ದರೆ ಮುದುಕನ ಕೈ ಸವೆಯುತ್ತಿತ್ತೇ, ಸತ್ತ ಹೆಂಡತಿಯ ಮಾತಿಗಾದರೂ ಬೆಲೆ ಬೇಡವೇ, ಈ ಸೊಕ್ಕಿಗೇ ಆವತ್ತು. ಯೋಚನೆ ಅಲ್ಲಿಗೆ ಬಂದು ನಿಂತಿತು. ಅವತ್ತು ಎತ್ತಿದ ಬಲಗೈ ತೊಡೆಯ ಮೇಲೆ ಬಿಗಿದುಕೊಂಡಿತ್ತು. ಅದನ್ನು ತಾನಲ್ಲದ ಬೇರೆ ಯಾರದೋ ಕೈಯನ್ನು ಬಿಡಿಸಿದ ಹಾಗೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿದ. ಆಗಲೇ ಫೋನು ಬಡಿಯಿತು. ಕಸ್ತೂರಿ. ಕೇಸಿನದು ಕೇಳಲಿಲ್ಲ ಅವಳು.

"ಸಾವಿತ್ರೆವ್ವಾರಿಗೆ ಬಣ್ಣ ಹಿಡಸ್ತೇನ್ರಿ?"

ವರಾಂಡದ ಆಚೆ ಕಂಬಕ್ಕೆ ಒರಗಿ ಮಾಸ್ತರರು ನಿಂತಿದ್ದರು, ಭುವನೇಶ್ವರಿ ಅವರಿಗೆ ನೀರಿನ ಬಾಟಲಿ ಕೊಡುತ್ತಿದ್ದಳು. ಹ್ಞೂಂ, ಹಿಡಸ್ತು ಎಂದ ಯಮನೂರಪ್ಪ. ಕುಬಸ ಹೊಲಿಸಿ ತೊಟಗೊಂಡಮ್ಯಾಲ ಒಂದು ಫೋಟೊ ಕಳಸಾಕ ಹೇಳ್ರಿ ಭುವನವ್ವಗ ಎಂದಳು. ಹೇಳ್ತೇನಿ ಎಂದ. ಫೋನು ಇಟ್ಟುಬಿಟ್ಟ.  ಇಲ್ಲ ಎಂದು ಹೇಳಬೇಕಾದಲ್ಲಿ ಹೌದು ಎನ್ನುವುದು ತನಗೆ ಉಸಿರಾಡಿದಷ್ಟು ಸಲೀಸು ಎಂದು, ಅದನ್ನೇ ಮಾಸ್ತರರು ಆವತ್ತು ಸುಣ್ಣದ ಗೆರೆಯ ಮೇಲೆ ನಿಂತು ಹೇಳಿದ್ದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದಕ್ಕೇ ಹೊಡೆದದ್ದು. ಅವರು ಹೇಳಿದ್ದು ಸುಳ್ಳಾಗಿದ್ದರೆ ನಕ್ಕು ಬಿಡುತ್ತಿದ್ದ.

ಪಟ್ಟೇವಾಲ ಮೂರು ಸಲ ಹೆಸರು ಕೂಗಿದ. ಆರೋಪಿಯ ಕಟ್ಟೆಯಲ್ಲಿ ನಿಂತು ಯಮನೂರಪ್ಪ ಕೈಕಟ್ಟಿಕೊಂಡ. ಎದುರಿನ ಕಟಕಟೆಗೆ ಇದ್ದ ಒಂದೇ ಮೆಟ್ಟಿಲನ್ನು ಮಾಸ್ತರರು ಎರಡು ಹೆಜ್ಜೆಯಲ್ಲಿ ಹತ್ತಿದರು. ಪ್ರಮಾಣ ಮಾಡುವಾಗ ಅವರ ಬಲಗೈ ಅಂಗಿಯ ಮೇಲೆ, ಎದೆಯ ನಡುವೆ, ಒಳಗೆ ಕೊರಳಿನ ಇಷ್ಟಲಿಂಗ ಇರುವಲ್ಲಿ ಇತ್ತು. ಪಾಠ ಹೇಳುವಾಗಲೂ ಅವರ ಕೈ ಅಲ್ಲಿಯೇ ಇರುತ್ತಿತ್ತು. ಮಗ್ಗಿ ಹೇಳಿಸುವಾಗ, ವಚನ ಹೇಳಿಸುವಾಗ, ಹುಡುಗರನ್ನು ಬೈಯುವಾಗ. ಹೆಸರು, ವಯಸ್ಸು, ಊರು ಹೇಳಿದರು. ಎದುರಿಗೆ ನಿಂತವನನ್ನು ಬಲ್ಲಿರಾ ಎಂದು ಸರಕಾರಿ ವಕೀಲರು ಕೇಳಿದರು. ಬಲ್ಲೆ, ನನ್ನ ವಿದ್ಯಾರ್ಥಿ ಎಂದರು. ಆ ದಿನ ಏನು ನಡೆಯಿತು ಹೇಳಿ ಎಂದರು ವಕೀಲರು. ಯಮನೂರಪ್ಪ ಕಣ್ಣು ಮುಚ್ಚಲಿಲ್ಲ. ಮುಚ್ಚಬೇಕೆಂದರೂ ಆಗಲಿಲ್ಲ. ಆದ್ದರಿಂದ ಆ ಕೈ ಎದೆಯಿಂದ ಕೆಳಗಿಳಿದದ್ದನ್ನು ಕಂಡ. ಕೈ ಇಳಿದು ಕಟಕಟೆಯ ಕಟ್ಟಿಗೆಯನ್ನು ಹಿಡಿದುಕೊಂಡಿತು.

"ಇಂವ ನನಗ ಹೊಡದಿಲ್ರಿ. ಹತ್ತಿಕಟಗಿ ಎಡವಿ ಬಿದ್ನಿ."

ಲಕ್ಷ್ಮಣ ವಕೀಲರು ತಲೆ ಎತ್ತಿದರು. ಸರಕಾರಿ ವಕೀಲರು ಫಿರ್ಯಾದಿಯನ್ನು ತೋರಿಸಿ ಸಹಿ ನಿಮ್ಮದೇ ಏನು ಎಂದು ಕೇಳಿದರು. ಸಹಿ ನನ್ನದೇ, ಸಿಟ್ಟಿನಲ್ಲಿ ಬರೆದೆ ಎಂದರು ಮಾಸ್ತರರು. ಕೆನ್ನೆಯ ಮೇಲಿನ ಗಾಯದ ಬಗ್ಗೆ ಡಾಕ್ಟರರ ಚೀಟಿ ಇದೆಯಲ್ಲ ಎಂದರೆ, ಬಿದ್ದರೂ ಕೆನ್ನೆಗೆ ಗಾಯ ಆಗುತ್ತದೆ ಎಂದರು. ಒಂದೊಂದು ಮಾತಿಗೂ ಅವರ ದನಿ ಸಣ್ಣದಾಗುತ್ತಿತ್ತು.  ಸುಳ್ಳು ಹೇಳಲು ಬಾರದ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಎಂದು ಕೋರ್ಟಿನಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು, ನ್ಯಾಯಾಧೀಶರಿಗೂ. ಹಿಂದಿನ ಬೆಂಚಿನಲ್ಲಿ ಭುವನೇಶ್ವರಿ ತಲೆ ತಗ್ಗಿಸಿದ್ದಳು.  ಹೊಡೆದೆ ಎಂದು ಒದರಬೇಕು ಎಂದು ಯಮನೂರಪ್ಪನಿಗೆ ಅನ್ನಿಸಿತು. ಒಂದು ಮಾತು, ಇಲ್ಲಿಂದಲೇ, ಈಗಲೇ. ಲಕ್ಷ್ಮಣ ವಕೀಲರು ಅವನ ಕಡೆ ತಿರುಗಿ ಸುಮ್ಮನಿರು ಎಂದು ಕಣ್ಣು ಮಾಡಿದರು. ಅವನು ಸುಮ್ಮನಿದ್ದ. ವಕೀಲರು ಕಣ್ಣು ಮಾಡದಿದ್ದರೂ ಸುಮ್ಮನಿರುತ್ತಿದ್ದ, ಅದೂ ಅವನಿಗೆ ಗೊತ್ತಿತ್ತು. ಕೊನೆಗೆ ಸರಕಾರಿ ವಕೀಲರು, ಇಂಥ ಸಾಕ್ಷಿಗಳಿಗೆಲ್ಲ ಕೇಳುವ ಮಾತನ್ನು ಬೇಸರದಿಂದ ಕೇಳಿದರು. ನೀವು ಆರೋಪಿಯ ಜೊತೆ ರಾಜಿಯಾಗಿ, ಅವನನ್ನು ಉಳಿಸಲು ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ ಎಂದರೆ ಸರಿಯೇ?

ಮಾಸ್ತರರ ಕೈ ಕಟ್ಟಿಗೆ ಬಿಟ್ಟು ಮತ್ತೆ ಎದೆಗೆ ಹೋಯಿತು.

"ರಾಜಿ ಆಗಿಲ್ರಿ," ಎಂದರು. ಈ ಸಲ ದನಿ ಹಿಂದಿನ ಗೋಡೆಗೆ ಮುಟ್ಟಿತು.

ಬರೆದುಕೊಳ್ಳುತ್ತಿದ್ದ ಹೆಂಗಸು ಅದನ್ನೂ ಬರೆದುಕೊಂಡಳು. ಎರಡನೇ ಸಾಕ್ಷಿ ಸಾವಿತ್ರೆವ್ವ, ಗಂಡ ರಾಚಪ್ಪ, ಮಯತ, ಅಂದರೆ ತೀರಿಕೊಂಡವರು, ಎಂದು ಓದಲಾಯಿತು. ಕಾರಿನ ಗಂಡಹೆಂಡತಿ ಸಮನ್ಸು ಹೋದರೂ ಒಮ್ಮೆಯೂ ಬಂದಿರಲಿಲ್ಲ. ಊಟದ ಬಿಡುವಿನ ನಂತರ ಕೇಸು ಖುಲಾಸೆಯಾಯಿತು. ರಾಜಿಗಿಂತ ಇದು ಪಸಂದಾಗಿ ಬಂತು, ಹೊಡೆದೇ ಇಲ್ಲ ಎಂದು ಆಯಿತಲ್ಲ ಎಂದು ಲಕ್ಷ್ಮಣ ವಕೀಲರು ಬೆನ್ನು ಚಪ್ಪರಿಸಿದರು. ಚಪ್ಪರಿಸಿದ ಜಾಗ ಉರಿಯಿತು.

ಮಾಸ್ತರರು ಖುಲಾಸೆಯ ತನಕ ಕಾದಿದ್ದರು. ಗೇಟಿನ ಹತ್ತಿರ ಭುವನೇಶ್ವರಿ ಆಟೊ ನಿಲ್ಲಿಸುತ್ತಿದ್ದಳು. ಯಮನೂರಪ್ಪ ಓಡುತ್ತ ಹೋದ. ಓಡುವಾಗ ಆ ಮಾತು ತಾನಾಗಿ ಸರಿಹೋಗಿತ್ತು. ಅದರ ಹಿಂದೆ ಈಗ ಯಾವ ಆದರೆಯೂ ಇರಲಿಲ್ಲ. ಇಷ್ಟು ಸಪಾಟಾಗಿ, ಇಷ್ಟು ಸಣ್ಣದಾಗಿ ಅದು ಬಾಯಿಯವರೆಗೆ ಬಂದು ನಿಂತಿತ್ತು. ಮಾಸ್ತರ್ರ ಎಂದ, ಬಗ್ಗಿದ. ಅವರು ಬೂಟಿನ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಏನೂ ಹೇಳಬ್ಯಾಡ. ನೀ ಹೊಡದಿಲ್ಲ ಅಂತ ಒಳಗ ಬರದು ಇಟ್ಟಾರ. ಹೊಡೀದ ಇದ್ದಾಂವ ತಪ್ಪಾತು ಅಂತ ಹೆಂಗ ಅಂತಾನಪಾ?"

ಕುಹಕ ಇರಲಿಲ್ಲ. ತಿಳಿಯದ ಲೆಕ್ಕವನ್ನು ಕೇಳಿದ ಹಾಗೆ ಕೇಳಿದರು, ಉತ್ತರಕ್ಕೆ ಸ್ವಲ್ಪ ಹೊತ್ತು ಕಾದರು ಕೂಡ.  ಮಗಳು ಕೈ ಹಿಡಿದು ಅವರನ್ನು ಆಟೊದೊಳಗೆ ಕೂರಿಸಿದಳು. ಆಟೊ ಹೋಯಿತು. ಅವನು ಬಗ್ಗಿದ್ದವನು ಏಳುವಾಗ, ಏನಾದರೂ ಬಿದ್ದಿತೆಂದು ಹುಡುಕುತ್ತಿದ್ದವನ ಹಾಗೆ ನೆಲವನ್ನು ಸವರಿದ. ಯಾರೋ ನೋಡುತ್ತಿದ್ದರು.

ತಡ ಮಾಡಬೇಡ, ನೋಂದಣಿಗೆ ಬೇಕಾದ ಅಫಿಡವಿಟ್ಟನ್ನು ಇಲ್ಲಿಯೇ ಮಾಡಿಸಿಕೊಂಡು ಹೋಗು ಎಂದು ಲಕ್ಷ್ಮಣ ವಕೀಲರು ಅವನನ್ನು ಎದುರಿನ ಟೈಪಿಂಗ್ ಅಂಗಡಿಗೆ ಕರೆದೊಯ್ದರು. ಮಾದರಿ ಇದ್ದೇ ಇತ್ತು, ಹೆಸರು ಬದಲಿಸಿದರೆ ಆಯಿತು. ನೋಟರಿಯವರು ಪಕ್ಕದ ಟೇಬಲ್ಲಿನಲ್ಲಿ ಸ್ಟಾಂಪಿನ ಪ್ಯಾಡು ಬಿಚ್ಚಿಕೊಂಡು ಕೂತಿದ್ದರು. ಅವರು ಕಾಗದವನ್ನು ಗಟ್ಟಿಯಾಗಿ ಓದಿದರು. ನನ್ನ ವಿರುದ್ಧ ಯಾವುದೇ ನ್ಯಾಯಾಲಯದಲ್ಲಿ ಯಾವುದೇ ಸಿವಿಲ್ ಅಥವಾ ಕ್ರಿಮಿನಲ್ ಪ್ರಕರಣ ಬಾಕಿ ಇರುವುದಿಲ್ಲ, ನಾನು ಯಾವುದೇ ಅಪರಾಧದಲ್ಲಿ ಶಿಕ್ಷೆ ಹೊಂದಿರುವುದಿಲ್ಲ, ಮೇಲ್ಕಂಡದ್ದು ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವಾಗಿರುತ್ತದೆ. ಸಹಿ ಮಾಡಿಸಿಕೊಂಡು, ತಲೆ ಎತ್ತದೆ, ಇದೆಲ್ಲಾ ಖರೆ ಐತೇನಪಾ ಎಂದು ಕೇಳಿದರು.

ಯಮನೂರಪ್ಪ ಕಾಗದ ನೋಡಿದ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಕಾಗದಗಳ ಪಕ್ಕದಲ್ಲಿ ನಿಂತಿದ್ದ. ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಬೆರಳಿಟ್ಟು ಮುಚ್ಚಿಕೊಳ್ಳಬೇಕಾದ ಸಾಲು ಇರುತ್ತಿತ್ತು. ಇದರಲ್ಲಿ ಹುಡುಕಿದ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹುಡುಕಿದ. ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ಖರೆ ಐತ್ರಿ," ಎಂದ.

ಮುಂದೆ ಇನ್ನೊಂದು ಪ್ರಶ್ನೆ ಇರಬಹುದು ಎಂದು ಟೇಬಲ್ಲಿನ ಅಂಚು ಹಿಡಿದು ನಿಂತ. ನೋಟರಿಯವರು ಆಗಲೇ ಸ್ಟಾಂಪು ಒತ್ತಿ, ಸ್ವಲ್ಪ ಸರದು ನಿಂದ್ರು ಎಂದು ಕೈ ಬೀಸಿ, ಅವನ ಹಿಂದೆ ನಿಂತವನನ್ನು ಕರೆಯುತ್ತಿದ್ದರು.